ಹದಿನಾಲ್ಕನೆಯ ಪುಟ, ಮೂರನೆಯ ಸಾಲು

"ಬಿದ್ದವನನ್ನು ಮೇಜಿನಿಂದ ತೆಗೆಯತಕ್ಕದ್ದು."
ಸರಿ, ಆದರೆ ಯಾವಾಗ?
ತಿರುಗೇಟಿಗೆ ಮುಂಚೆಯೋ, ಆಮೇಲೋ?
ಪುಸ್ತಕ ತುಟಿ ಬಿಚ್ಚುವುದಿಲ್ಲ.

ವ್ರೋತ್ಸ್ವಾಫ್, ಟ್ರಾಮ್ ಡಿಪೋ ಹಿಂದಿನ ನೆಲಮಾಳಿಗೆ.
ಚಹಾ ಆರಿದೆ, ನಿಂಬೆಹೋಳು ತಳ ಸೇರಿದೆ.
ಕಾಯೆತಾನ್ ಅನ್ನುತ್ತಾನೆ: ಸತ್ತವನು ಸತ್ತ, ಎತ್ತು.
ಬೊಗುಮಿಲಾ ಬಿಡಳು:
"ಏಟು ಏಕಕಾಲಕ್ಕೆ ಅಂತ ಹಿಂದಿನ ಪುಟದಲ್ಲೇ ಇದೆ.
ಇವನ ಕುದುರೆಯ ಬಾಲಕ್ಕೇ
ನನಗೆ ಮೂರು ಸಂಜೆ ಹಿಡಿದಿದೆ."
ಅದು ವಾದವಲ್ಲ, ಎಲ್ಲರಿಗೂ ಗೊತ್ತು.

ಈ ವಾರ ಎದುರಾಳಿ ಸಿಗದ ನಾನೇ ಪಂಚ.
ಅಡಿಕೋಲು ಕೆಳಗಿಟ್ಟೆ.
ತವರದ ಸವಾರನನ್ನು ಎತ್ತದೆ
ಇದ್ದಲ್ಲೇ ಮಲಗಿಸಿದೆ:
ಮಲಗಿದವನೂ ಒಂದು ದಾಳ ಎಸೆಯಲಿ,
ಆಮೇಲೆ ಡಬ್ಬಿಗೆ.

ಬೊಗುಮಿಲಾ ಉರುಳಿಸಿದಳು. ಬಿದ್ದದ್ದು ಒಂದು.
ಯಾರೂ ನಗಲಿಲ್ಲ.
ಕಾಯೆತಾನ್ ಪುಸ್ತಕದಂಚಿಗೆ ಪೆನ್ಸಿಲಿನಲ್ಲಿ ಬರೆದ:
ಆಮೇಲೆ.