ಮುಂದುವರಿಸಿ

ಸಂಜೆ ಆರಕ್ಕೆ ಡಬ್ಬಿಗಳ ಮುಚ್ಚಳ ತೆಗೆಯುತ್ತೇನೆ.
ಏಳು ದಿನ, ನಾಲ್ಕು ಹೊತ್ತು, ಇಪ್ಪತ್ತಮೂರು ಜನ,
ಲೆಕ್ಕ ತಪ್ಪಿದರೆ ಮತ್ತೆ ಮೊದಲಿಂದ.
ಬಿಳಿಯದು ಬಿಪಿಗೆ. ಬಿಳಿಯದೇ, ತುಸು ಚಪ್ಪಟೆ, ಸಕ್ಕರೆಗೆ.
ಹಳದಿಯದು, ಬಿಪಿಯ ಮಾತ್ರೆ ತಂದ ಕಾಲೂತಕ್ಕೆ.
ಹಳದಿಯದರಿಂದ ರಾತ್ರಿ ಮೂರು ಸಲ ಏಳುವವರಿಗೆ
ಇನ್ನೊಂದು.

ಸುಂಟಿಕೊಪ್ಪದ ಅಂಗಡಿಯಲ್ಲಿ ಗುಲಾಬಿ ಬಣ್ಣದ್ದು ಸಿಗದೆ
ಈ ತಿಂಗಳು ನೀಲಿ ಕೊಟ್ಟರು. ಹೆಸರು ಬೇರೆ, ಮದ್ದು ಅದೇ.
ಐತಪ್ಪ ಪೂಜಾರರು ನಂಬಲಿಲ್ಲ.
ಮೂವತ್ತೊಂದು ವರ್ಷ ಸೋಮವಾರಪೇಟೆ ಬಸ್ಸಿನ ಕಂಡಕ್ಟರು,
ಹರಿದ ನೋಟಿನಂತೆ ಬೆಳಕಿಗೆ ಹಿಡಿದು ನೋಡಿ,
ಅರ್ಧ ಮುರಿದು ನುಂಗಿ, ಉಳಿದರ್ಧ ನನ್ನ ಕೈಗಿಟ್ಟರು:
"ತಗೊಳ್ಳಿ ಚಿಲ್ಲರೆ."

ಡಾಕ್ಟರು ಬರುವುದು ಎರಡನೇ ಮಂಗಳವಾರ.
ಇಪ್ಪತ್ತಮೂರು ಫೈಲು, ಒಂದು ಗಂಟೆ, ಒಂದು ಲೋಟ ಕಾಫಿ.
ಪ್ರತಿ ಹಾಳೆಯ ಕೆಳಗೂ ಅದೇ ಪದ: ಮುಂದುವರಿಸಿ.
ಮೈಸೂರಿನ ಹೃದಯದವರು ಬರೆದದ್ದನ್ನು ಇವರು ಅಳಿಸುವುದಿಲ್ಲ,
ಮಂಗಳೂರಿನ ನರದವರು ಬರೆದದ್ದನ್ನು ಅವರು ಕಂಡಿಲ್ಲ.
ಒಬ್ಬರ ಮಗಳು ಫೋನಿನಲ್ಲಿ: ಒಂದೂ ತಪ್ಪಿಸಬೇಡಿ ಸಿಸ್ಟರ್.
ಇನ್ನೊಬ್ಬರ ಅಳಿಯ: ಇದರಲ್ಲೇ ಕಡಿಮೆ ಬೆಲೆಯದಿಲ್ಲವೇ?

ನನ್ನದನ್ನೂ ಹೇಳಿಬಿಡುತ್ತೇನೆ.
ಚಿಣ್ಣವ್ವಜ್ಜಿಗೆ ನಿದ್ದೆ ಮಾತ್ರೆ ಕೇಳಿದ್ದು ನಾನೇ.
ಪಕ್ಕದ ಮಂಚದ ಬೊಳ್ಳಮ್ಮ ರಾತ್ರಿಯಿಡೀ ದನ ಕರೆಯುತ್ತಿದ್ದಳು,
ಇವಳು ಎದ್ದು ಹುಡುಕಲು ಹೊರಡುತ್ತಿದ್ದಳು
ಬಾಗಿಲ ತನಕ, ಗೇಟಿನ ತನಕ.
ರಾತ್ರಿ ಪಾಳಿಗೆ ನಾನೊಬ್ಬಳೇ.

ಬೊಳ್ಳಮ್ಮ ಹೋಗಿ ಬರುವ ತುಲಾ ಸಂಕ್ರಮಣಕ್ಕೆ ಎರಡು ವರ್ಷ.
ಮಂಚಕ್ಕೆ ಬೇರೆಯವರು ಬಂದರು, ಗೊರಕೆಯೂ ಇಲ್ಲ ಅವರಿಗೆ.
ಮಾತ್ರೆ ಮಾತ್ರ ಮಂಗಳವಾರದಿಂದ ಮಂಗಳವಾರಕ್ಕೆ ನಡೆದು ಬಂತು.
ಅಜ್ಜಿ ಹಗಲಲ್ಲೂ ತೂಕಡಿಸಿ, ಕಡಂಬುಟ್ಟು ಬಾಯಲ್ಲೇ ಮರೆತು,
ಒಮ್ಮೆ ಬಚ್ಚಲಲ್ಲಿ ಬಿದ್ದು.

ಈ ಸಲ ಫೈಲಿನ ಮೇಲೆ ಕೈಯಿಟ್ಟು ಕೇಳಿದೆ:
ಇದು ಯಾರ ನಿದ್ದೆಗೆ, ಡಾಕ್ಟರೇ?
ಅವರು ಹಿಂದಿನ ಹಾಳೆ, ಅದರ ಹಿಂದಿನ ಹಾಳೆ ತಿರುವಿದರು.
ಕಾಫಿ ಆರಿತು.
"ಒಮ್ಮೆಲೇ ಬೇಡ. ಅರ್ಧ. ಆಮೇಲೆ ಕಾಲು. ನೋಡೋಣ."

ಕಾಲೂ ಮುಗಿದ ಮೊದಲ ರಾತ್ರಿ
ಎಸ್ಟೇಟಿನ ಕಡೆ ಆನೆ ಓಡಿಸುವ ಪಟಾಕಿ.
ಅಜ್ಜಿ ಎದ್ದು ಕೂತಳು. ನನ್ನ ಎದೆ ಧಸಕ್ಕೆಂದಿತು,
ಗೇಟು ಹಾಕಿದ್ದೇನೆಯೇ?
ಅವಳು ಕುರ್ಚಿಯಲ್ಲಿದ್ದ ನನ್ನನ್ನು ನೋಡಿದಳು, ಬಹಳ ಹೊತ್ತು,
ಯಾರೋ ಈಗ ತಾನೇ ಬಂದು ಕೂತವರನ್ನು ನೋಡುವ ಹಾಗೆ.
"ಒರಕ್ ಇಲ್ಲೆಯಾ, ಕುಂಞಿ?"

ನಿದ್ದೆ ಇಲ್ಲ ಅಜ್ಜಿ, ಎಂದೆ.
ಕಂಬಳಿ ಸರಿಸಿ ಮಂಚದಲ್ಲಿ ಜಾಗ ಮಾಡಿದಳು.

ಇನ್ನು ಇಪ್ಪತ್ತೆರಡು ಡಬ್ಬಿ.