ಮಾಡಗ್ಯಾಳದ ಕರುಳು

ಮಿಷನ್ ದವಾಖಾನಿಯ ಬೆಡ್‌ಶೀಟಿನ್ಯಾಗ ಸುತ್ತಿ
ಆಟೋದಾಗ ಅಡ್ಡ ಮಲಗಿಸಿ ತಂದಿದ್ಲು ಆಕಿ.
ಶೀಟಿನ ಮೂಲಿಗೆ ವಾರ್ಡಿನ ನಂಬರು, ಏಳು.
ಪೇಶಂಟ್ ಅಂತ ತಿಳಿದು ನಾ ಸರದು ನಿಂತೆ.

ಬಿಚ್ಚಿದರ ಚೆಲ್ಲೋ. ಕುತ್ತಿಗಿ ಮುರದಿತ್ತು.
ನಮ್ಮ ಮಿರಜಿನ ಓಣಿಯೊಳಗ
ತಂಬೂರಿ ಹುಟ್ಟತಾವ, ಸಿತಾರ ಹುಟ್ಟತಾವ,
ಕುಂಬಳದ ಬುರುಡಿ ಮಾಳಿಗಿ ಮ್ಯಾಲ ಒಣಗತಾವ.
ಹಿಂಗ ಸೊಂಟ ಇದ್ದದ್ದು ಎಂದೂ ಬಂದಿದ್ದಿಲ್ಲ.
ಮಾಲಕರು ಬೆರಳಗೆಣ್ಣಿಲೆ ಕುಟ್ಟಿ ನೋಡಿ
"ಬಿಳಿಯಾನಿಸಿದ್ದಾ, ಇದು ನಿನ್ನ ಪಾಲು" ಅಂದು
ನಮಾಜಿಗೆ ಹೋದರು.

ಮಾರ್ಥಾ ಸಾಳ್ವೆ. ಮೂವತ್ತು ವರ್ಷ ಎಕ್ಸರೇ ಖೋಲಿಯಾಗ
ಮಂದಿಯ ಎಲುಬು ನೋಡಿದಾಕಿ.
ಆಕಿ ಮರಾಠಿಯೊಳಗ ಹೇಳತಾಳ, ನಾ ಕನ್ನಡದಾಗ ಕೇಳತೀನಿ.
"ಉಕ್ಕಿನ ತಂತಿ ಬ್ಯಾಡ. ಈ ಬಾಜಿ ಮುನ್ನೂರು ವರ್ಷದ್ದು,
ಕರುಳಿನ ತಂತಿ ಬೇಕು. ಕುರಿಯ ಕರುಳು.
ಮೂರು ಪಾರ್ಸಲಿನ್ಯಾಗ ಬಂದಾವ,
ದಪ್ಪನ್ನ ನಾಕನೇದು ಬಂದಿಲ್ಲ."

ಕುರಿ ಬಿಟ್ಟು ನನಗ ಇಪ್ಪತ್ತೆರಡು ವರ್ಷ.
ಮಾಡಗ್ಯಾಳಕ್ಕ ಫೋನ್ ಹಚ್ಚಿದೆ.
ಅಣ್ಣ ಮಾಳಿಂಗ ನಕ್ಕ: "ಕರುಳಿಗೂ ರೊಕ್ಕ ಕೊಡತಾರೇನೋ ಅಲ್ಲೆ?"
ಕೊಡತಾರ, ಅಂದೆ.

ಬೂದಿನೀರಾಗ ಎರಡು ರಾತ್ರಿ ನೆನಸಿ,
ಕೆರದು, ಹುರಿ ಹಾಕಿ,
ಎರಡು ಬೇವಿನ ನಡುವ ಬಿಗದು ಕಟ್ಟಿದನಂತ.
ಮೊದಲಿಂದು ನಾಯಿ ಎಳಕೊಂಡು ಹೋತು.
ಎರಡನೇದು ಬಿಸಿಲಿಗೆ ಸಿಡೀತು.
ಮೂರನೇದು ಜತ್ತದ ಬಸ್ಸಿನ್ಯಾಗ
ಕಂಡಕ್ಟರನ ಕೈಲೆ, ರೊಟ್ಟಿ ಗಂಟಿನ ಜೋಡಿ ಬಂತು.
ಮೂಸಿ ನೋಡಿದೆ. ಹಟ್ಟಿ.

ಕುತ್ತಿಗಿ ಕೂಡಿಸಿದೆ. ಕುದುರಿ ಕೆತ್ತಿದೆ.
ತಂತಿ ಹೊರೋ ಕಟ್ಟಿಗಿಗೆ ಕುದುರಿ ಅಂತೀವಿ ನಾವು.
ಎಳಿಯೂ ಕಮಾನಿಗೂ ಕುದುರಿ ಬಾಲದ ಕೂದಲ.
ಕುರಿ, ಕುದುರಿ: ಅಪ್ಪ ಕೊಂಕಣಕ್ಕ ಹೊಂಟಾಗ
ಇಷ್ಟ ಅಲ್ಲೇನು ಇದ್ದದ್ದು?
"ಜವಾರಿ ತೆಗೀಬ್ಯಾಡ" ಅಂದಿದ್ಲು,
"ಗುಂಯ್ ಅನಬಾರದು. ಸೋಸಿದ ನೀರಿನಂಗ ಇರಬೇಕು."
ನನ್ನ ಕೈ ಹೂಂ ಅಂತು.

ಐತವಾರ ಸಂಜಿಮುಂದ ಚಾಪೆಲ್ಲಿನ್ಯಾಗ
ಕೊಲ್ಲಾಪುರದ ಹುಡುಗಿ ಒಬ್ಬಾಕಿ, ಕಣ್ಣಿನ ವಾರ್ಡಿನ ಕಂಪೌಂಡರ,
ಇಬ್ಬರ ಕೈಯಾಗೂ ಪಿಟೀಲು.
ಕಾಲಿಲೆ ತುಳಿಯೋ ಬಾಜಿಪೆಟಗಿ ಮುಂದ ಪಾದ್ರಿಯ ಅಳಿಯ.
ಹಾಳಿ ತೋರಿಸಿದ್ಲು. ಕೆಳಗಿನ ಸಾಲಿನ ಬುಡಕ್ಕ
ಕಿರಾಣಿ ಚೀಟಿಯಂಗ ಅಂಕಿ: ಆರು, ನಾಕು, ಮತ್ತ ಆರು.
"ಅಷ್ಟ ಬರದಾನ. ನಡುವಿಂದು ಬರದಿಲ್ಲ,
ಪೆಟಗಿಯವ ಕೈಲೆ ತುಂಬಕೋಬೇಕು.
ಮೂವರ ಸೊನಾಟಾ ಅಂತಾರ, ಬಾರಸೋರು ನಾಲ್ವರು."
ನಾಕನೆಯವನ ಹೆಸರು ಯಾಕ ಹಿಡಿಯಂಗಿಲ್ಲ, ಕೇಳಿದೆ.
"ಅವಗ ಅಂಕಿ ಅದಾವಲ್ಲ."
ಸಿತಾರಿನ ಹೊಟ್ಟಿಯೊಳಗ ನಾ ಅಂಟಸೋ ಚೀಟಿ ನೆನಪಾತು.
ಅದರಾಗ ಮಾಲಕರ ಹೆಸರೈತಿ.

ಮೊದಲು ಸಾವಕಾಶ. ಆಮ್ಯಾಲ ಓಟ.
ಹುಡುಗಿ ಒಂದು ಮಾತು ಅಂದ್ಲು,
ಕಂಪೌಂಡರ ಅದನ್ನ ಕೆಳಗಿನ ದನಿಯಾಗ ಅಂದ,
ಆಕಿ ಮುಗಸೂದ್ರಾಗ ಇವ ಸುರು, ಇವ ಮುಗಸೂದ್ರಾಗ ಆಕಿ,
ಈ ದಿಬ್ಬದಿಂದ ಅಪ್ಪ ಹರ್ರ್ ಅಂದರ
ಆ ದಿಬ್ಬದಿಂದ ಮಾಳಿಂಗ ಹರ್ರ್ ಅಂದಂಗ,
ನಡುವ ಕುರಿ ಯಾವ ಕಡಿ ಹೊಳ್ಳಬೇಕೊ ತಿಳೀದಂಗ.
ಚೆಲ್ಲೋ ಮಾತ್ರ ಕೂಗಲಿಲ್ಲ, ಓಡಲಿಲ್ಲ.
ನಡೀತು.
ಹೆಜ್ಜಿ, ಹೆಜ್ಜಿ, ಹೆಜ್ಜಿ,
ಹೆಗಲ ಮ್ಯಾಲ ಕಂಬಳಿ ಇದ್ದಾಂವ ನಡದಂಗ.

ಮೂರನೇದರ ನಡುವ ನಿಂತ್ಲು.
ಹೊರಗ ಹನಿ ಸುರುವಾಗಿ, ತ್ಯಾವಕ್ಕ ಕರುಳು ಇಳದಿತ್ತು.
ಗೂಟ ತಿರುವಿದ್ಲು, ಕಿವಿ ಹಚ್ಚಿದ್ಲು. ಯಾರೋ ಕೆಮ್ಮಿದರು.
ಮತ್ತ ಮೊದಲಿಂದ.

ಆವಾಗ ಕೇಳಿಸ್ತು ನನಗ,
ದಪ್ಪ ತಂತಿಯ ತಳದಾಗ,
ಕಮಾನು ಹೊಳ್ಳೋ ಮೂಲ್ಯಾಗ,
ಸಣ್ಣದೊಂದು ಗುಂಯ್.
ಕುದುರಿಯ ಮ್ಯಾಲ ಅರ ಒಂದೆಳಿ ಹೆಚ್ಚಿಗೆ ಓಡಿತ್ತು.
ನನ್ನ ಕೈಗೆ ಬ್ಯಾರೆ ಬರಂಗಿಲ್ಲ.

ಎಲ್ಲಾರು ಚಾ ಕುಡಿಯೂ ಮುಂದ ಹೇಳಿದೆ:
ತಪ್ಪು ನಂದು, ತರ್ರಿ, ಮಂಗಳವಾರ ತೆಗದು ಕೊಡತೀನಿ.
ಮಾರ್ಥಾಬಾಯಿ ಬಸಿಯೊಳಗ ಚಾ ಸುರಕೊಂಡ್ಲು, ಊದಿದ್ಲು.
"ಗೊತ್ತೈತಿ" ಅಂದ್ಲು.
"ಮಳಿ ಮುಗೀಲಿ, ನೋಡೂನು."

ದೀಪಾವಳಿ ಹೋತು. ಇನ್ನೂ ತಂದಿಲ್ಲ.