ಎದೆ ಸೀಳದೆ

ಮೊಖೋತ್ಲೋಂಗಿನ ಸಂತೆ ಬಯಲಲ್ಲಿ ನಮ್ಮ ವ್ಯಾನು ನಿಂತು
ಜನರೇಟರು ಕೆಮ್ಮಿ ಕೆಮ್ಮಿ ಹತ್ತಿಕೊಳ್ಳುವ ಹೊತ್ತಿಗೆ
ಹೊರಗಿನ ಸಾಲಿನಲ್ಲಿ ಅದಕ್ಕೆ ಉತ್ತರ ಕೊಟ್ಟಂತೆ
ಇನ್ನೂ ಇಪ್ಪತ್ತು ಕೆಮ್ಮು.
ಕಂಬಳಿ ಹೊದ್ದ ಗಂಡಸರು. ಕೆಲವರು ಕುದುರೆ ಏರಿ
ರಾತ್ರಿಯೇ ಗುಡ್ಡ ಬಿಟ್ಟವರು.
ಎಲ್ಲರೂ ಒಂದು ಕಾಲಕ್ಕೆ ಗಡಿಯಾಚೆಯ ಚಿನ್ನದ ಗಣಿಗೆ
ಇಳಿದು, ಹೇಗೋ ಹತ್ತಿ ಬಂದವರು.

ಏಳನೆಯವರು ನ್ತಾತೆ ಮಲೆಫೆತ್ಸಾನೆ.
ನ್ತಾತೆ ಎಂದರೆ ಅಪ್ಪ; ನಮ್ಮಲ್ಲಿ
ಹಿರಿಯ ಗಂಡಸರೆಲ್ಲ ಅಪ್ಪಂದಿರೇ.
ಕಂಬಳಿ ತೆಗೆಯಿರಿ ಎಂದೆ.
ಕಂಬಳಿ, ಸ್ವೆಟರು, ಅದರೊಳಗೆ ಇನ್ನೊಂದು ಸ್ವೆಟರು,
ಈರುಳ್ಳಿ ಸುಲಿದಂತೆ ಸುಲಿದು ಸುಲಿದು
ಕೊನೆಗೆ ಸಿಕ್ಕಿದ್ದು ಒಂದು ಹಿಡಿ ಪಕ್ಕೆಲುಬು.
ತಣ್ಣನೆಯ ಫಲಕಕ್ಕೆ ಎದೆಯೊತ್ತಿ ನಿಲ್ಲಿಸಿ,
ಗದ್ದ ಮೇಲೆ, ಭುಜ ಮುಂದೆ,
ಉಸಿರೆಳೆದುಕೊಳ್ಳಿ, ಹಿಡಿಯಿರಿ, ಎಂದು
ಸೀಸದ ಗೋಡೆಯ ಹಿಂದೆ ಸರಿದೆ.

ಹಿಡಿಯಲಾಗಲಿಲ್ಲ.
ಮೊದಲ ಚಿತ್ರ ಅಲುಗಿತು. ಅದರ ನಡುವೆ
ಬೆಳ್ಳಗೆ ಒಂದು ಪೂರ್ತಿ ಚಂದ್ರ.
ಕೊರಳಲ್ಲೇನು, ಕೇಳಿದೆ.
ಗಣಿಯವರು ಕೊಟ್ಟ ಹಿತ್ತಾಳೆ ಬಿಲ್ಲೆ.
ಇವರ ಹೆಸರು ನಾಲಿಗೆಗೆ ಹೊರಳದ ಮೇಸ್ತ್ರಿಗಳು
ಕೂಗಿ ಕರೆಯುತ್ತಿದ್ದ ಅಂಕಿ ಅದರ ಮೇಲಿದೆ.
ಚಿತ್ರದಲ್ಲಿ ಅಂಕಿ ಇಲ್ಲ.
ಕಿರಣಕ್ಕೆ ಓದು ಬರಹ ಬಾರದು;
ಯಾವುದು ಎಷ್ಟು ಅಡ್ಡ ನಿಂತಿತು
ಅನ್ನುವುದಷ್ಟೇ ಅದರ ಲೆಕ್ಕ.

ಎರಡನೆಯದು ಸರಿಯಾಗಿ ಬಂತು.
ನಮ್ಮ ಕಸುಬಿನಲ್ಲಿ ಕಪ್ಪೇ ಶುಭ, ಕಪ್ಪೆಂದರೆ ಗಾಳಿ.
ಬಿಳಿ ಬಂದಲ್ಲಿ ಏನೋ ಬಂದು ಕೂತಿದೆ.
ಇವರ ಎದೆಯ ಮೇಲಿನ ಎರಡೂ ಮೂಲೆಗೆ
ಕೋಳಿಗೆ ಜೋಳ ಎರಚಿದಂತೆ ಬಿಳಿ ಕಾಳು;
ಗಂಟುಗಳ ಸುತ್ತ
ಮೊಟ್ಟೆಯ ಚಿಪ್ಪಿನಷ್ಟು ತೆಳ್ಳಗೆ ಸುಣ್ಣ.

ಎದೆ ಸೀಳಿದರೆ ನಾಲ್ಕಕ್ಷರವಿಲ್ಲ ಅನ್ನುತ್ತಾರಲ್ಲ,
ಶಾಲೆಯ ಮೆಟ್ಟಿಲು ಹತ್ತದವರನ್ನು.
ಸೀಳದೆಯೇ ನೋಡಿದೆ.
ಅಕ್ಷರವಿಲ್ಲ, ನಿಜ.
ಹದಿನೆಂಟು ವರ್ಷದ ಕಲ್ಲುಪುಡಿ ಇದೆ,
ಒಂದು ಪಾಳಿಯನ್ನೂ ಬಿಡದೆ ತುಂಬಿದ
ಹಾಜರಿ ಪುಸ್ತಕದ ಹಾಗೆ.

ಮೂರು ಸಲ ಕ್ಷಯ ಎಂದಿದ್ದರಂತೆ.
ಮೂರು ಸಲ ಆರಾರು ತಿಂಗಳು ಗುಳಿಗೆ.
ಒಂದು ಸಲ ಕ್ಷಯವೇ ಇದ್ದಿರಲೂಬಹುದು,
ಇವೆರಡೂ ಒಂದೇ ಕಂಬಳಿಯಲ್ಲಿ ಮಲಗುವ ಕಾಯಿಲೆಗಳು.
ಕಣ್ಣಾರೆ ಕಂಡರೂ ಪರಾಂಬರಿಸಿ ನೋಡಬೇಕು;
ಕಫಕ್ಕೆಂದು ಮುಚ್ಚಳದ ಡಬ್ಬಿ ಕೊಟ್ಟೆ.

ನಾನು ಏನೂ ಹೇಳುವಂತಿಲ್ಲ.
ಮಸೇರುವಿನಲ್ಲಿ ಕೂತ ಡಾಕ್ಟರು ಸಂಜೆ ನೋಡಿ
ಬರೆದು ಕಳಿಸಿದ ಮೇಲೇ ಅದಕ್ಕೆ ಹೆಸರು.
ಆದರೆ ಅವರು ಪರದೆ ನೋಡುತ್ತಿರಲಿಲ್ಲ,
ನನ್ನ ಮುಖ ನೋಡುತ್ತಿದ್ದರು.
ಅದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ.

ಆಮೇಲೆ ಪರದೆಯ ಹತ್ತಿರ ಬಂದು
ಬೆರಳಿನಿಂದ ಮೇಲೆ ಕೆಳಗೆ ಹುಡುಕಿ,
ಮಗಳೇ, ಇದರಲ್ಲಿ ಚಿನ್ನ ಎಲ್ಲಿದೆ? ಎಂದರು.
ಇದ್ದಿದ್ದರೆ ಬಿಲ್ಲೆಗಿಂತ ಬೆಳ್ಳಗೆ ಕಾಣುತ್ತಿತ್ತು ನ್ತಾತೆ.
ಹಾಗಾದರೆ ಬರೆದುಕೋ,
ಒಂದು ಗುಂಜಿಯೂ ಉಳಿಸಿಕೊಳ್ಳದೆ
ಎಲ್ಲ ಅವರಿಗೇ ಒಪ್ಪಿಸಿ ಬಂದಿದ್ದೇನೆ ಅಂತ.
ನಕ್ಕರು. ನಗು ಅರ್ಧಕ್ಕೇ ಕೆಮ್ಮಾಯಿತು.
ಕೆಮ್ಮು ಮುಗಿಯುವವರೆಗೆ ಕಾದೆ.

ಪರಿಹಾರದ ಅರ್ಜಿಗೆ ಇದು ಸಾಕೇ?
ಬೇಕು ಎಂದೆ. ಸಾಕೋ, ಗೊತ್ತಿಲ್ಲ.
ಇದರಿಂದ ವಾಸಿಯಾಗುತ್ತದೆಯೇ ಎಂದು ಅವರು ಕೇಳಲಿಲ್ಲ.
ನನಗೂ ಅದು ಉಪಕಾರವೇ ಆಯಿತು.

ಬಿಲ್ಲೆ ಮತ್ತೆ ಕೊರಳಿಗೆ ಹಾಕಿಕೊಂಡು
ಒಂದೊಂದೇ ಸ್ವೆಟರು ಏರಿಸಿ, ಕಂಬಳಿಗೆ ಪಿನ್ನು ಚುಚ್ಚಿ
ಕುದುರೆ ಕಟ್ಟಿದ ಕಂಬದವರೆಗೆ ನಡೆದರು.
ಐವತ್ತು ಹೆಜ್ಜೆ ಇರಬಹುದು.
ಎರಡು ಕಡೆ ನಿಂತರು.
ಮೂರನೆಯ ಸಲ ನಿಂತಾಗ ನಾನು ಬಾಗಿಲೆಳೆದು
ಒಳಗೆ ತಿರುಗಿದರೆ,

ಎಂಟನೆಯವರು ಆಗಲೇ ಅಂಗಿ ಬಿಚ್ಚಿ,
ಫಲಕಕ್ಕೆ ಎದೆಯಾನಿಸಿ,
ನಾನು ಹೇಳುವ ಮೊದಲೇ
ಉಸಿರು ಹಿಡಿದು ನಿಂತಿದ್ದರು.